ಒಂದೇ ಸಲ ಬಿಚ್ಚಿದ ಸೂಟ್‌ಕೇಸ್

ನಾನು ವೆನಿಸ್ ನಗರವನ್ನು ನೋಡಿದ್ದೇನೋ ಇಲ್ಲವೋ ನನಗೆ ಖಚಿತವಿಲ್ಲ. ಅಲ್ಲಿನ ಹಸಿರು ನೀರು, ಮೆಟ್ಟಿಲಿಗೆ ಬಡಿಯುವ ಅದರ ಸದ್ದು, ಸೇತುವೆಯ ಮೇಲಿನ ನೂಕುನುಗ್ಗಲು, ಎಲ್ಲವನ್ನೂ ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಫ್ಲ್ಯಾಟಿನ ಶುಕ್ರವಾರದ ಊಟಗಳಲ್ಲಿ ಮೂರು ವರ್ಷದಿಂದ ಬಣ್ಣಿಸುತ್ತ ಬಂದಿದ್ದೇನೆ. ಹೆಂಡತಿ ಸುಮನಾ ಮಾತ್ರ ಸಾರು ಬಡಿಸುತ್ತಲೇ, "ನಾವು ವೆನಿಸ್‌ಗೆ ಹೋಗೇ ಇಲ್ವಲ್ರೀ" ಅನ್ನುತ್ತಾಳೆ. ಸಾಕ್ಷ್ಯವಿಲ್ಲದೆ ಯಾವುದನ್ನೂ ನಂಬಬಾರದೆಂಬ ಒಂದೇ ಪಾಠವನ್ನು ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಲಿತವನು ನಾನು. ದೇವರು, ಜಾತಕ, ಕಚೇರಿಯ ಸುತ್ತೋಲೆ ಎಲ್ಲವನ್ನೂ ಅನುಮಾನಿಸಿದ್ದೆ. ಆ ಪಟ್ಟಿಗೆ ನನ್ನ ತಲೆಯೂ ಸೇರೀತೆಂದು ತೋಚಿರಲಿಲ್ಲ.

ಗಂಡ ಹೆಂಡಿರ ಈ ವಾದ ಹೀಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಕಳೆದ ವಾರ ಪಕ್ಕದ ಫ್ಲ್ಯಾಟಿನ ಶೆಟ್ರು ಬಂದು ಕುಳಿತರು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತಂತೆ. ಮಂಗಳೂರು, ದೋಹಾ ಬಿಟ್ಟು ಹೆಂಡತಿಗೆ ಬೇರೇನೂ ತೋರಿಸಿಲ್ಲ. ಈಗ ಎಂಟು ದಿನದ ರಜೆ ಸಿಕ್ಕಿದೆ, ಇಟಲಿಗೆ ಹೊರಟಿದ್ದಾರೆ. "ಉಳಿಯುದು ಎಲ್ಲಿ ಸರ್? ವೆನಿಸ್‌ನಲ್ಲಾ, ನೀವು ಉಳಿದ ಊರಿನಲ್ಲಾ? ಇನ್ನೊಂದು ಚಾನ್ಸ್ ಇಲ್ಲ ನಮಗೆ."

ನಾವು ಉಳಿದ ಆ ಊರನ್ನು ಆರಿಸಿಕೊಟ್ಟವರೇ ಶೆಟ್ರು ಎಂಬುದು ಇದರ ತಮಾಷೆ. ಮೂರು ವರ್ಷದ ಹಿಂದೆ ನಾವು ಇಟಲಿಗೆ ಹೊರಟಾಗ ನಾನು ಮೂರು ದಿನ ಕುಳಿತು ಒಂಬತ್ತು ಊರುಗಳಿಗೆ ಅಂಕ ಕೊಟ್ಟು ಕೋಷ್ಟಕ ತಯಾರಿಸಿದ್ದೆ. ವೆನಿಸ್ ಮೊದಲ ಸ್ಥಾನದಲ್ಲಿತ್ತು. ಏಳು ವರ್ಷ ಪ್ರತಿ ರಜೆಯನ್ನೂ ಮೈಸೂರಿನಲ್ಲಿ ಒಬ್ಬ ನೆಂಟರ ಮನೆಯಿಂದ ಇನ್ನೊಬ್ಬರ ಮನೆಗೆ ಗಂಟು ಕಟ್ಟುತ್ತ ಕಳೆದಿದ್ದ ಸುಮನಾಳದ್ದು ಒಂದೇ ಷರತ್ತು. "ಸೂಟ್‌ಕೇಸು ಒಂದ್ಸಲ ಬಿಚ್ತೀನಿ, ಒಂದ್ಸಲ ಕಟ್ತೀನಿ. ಅಷ್ಟೇ." ಚಹಾ ಕುಡಿಯುತ್ತಿದ್ದ ಶೆಟ್ರು ನನ್ನ ಕೋಷ್ಟಕವನ್ನು ಪಕ್ಕಕ್ಕೆ ಸರಿಸಿ ರೈಲು ನಕ್ಷೆ ಎಳೆದುಕೊಂಡರು. ಅವರ ಕೆಲಸ ನೀರಿನ ಕ್ಯಾನು ಹಂಚುವ ಗಾಡಿಗಳನ್ನು ಊರೆಲ್ಲ ಓಡಿಸುವುದು.

"ವೆನಿಸ್ ಮೂಲೆಯಲ್ಲಿ ಉಂಟು ಮಾರಾಯ್ರೆ. ಗೋಡೌನ್ ಆ ತುದಿಯ ಉಮ್ಮ್ ಸಲಾಲ್‌ನಲ್ಲಿ ಇಟ್ಟು ಈ ತುದಿಯ ಮುಐದರ್‌ಗೆ ನೀರು ಕೊಟ್ಟ ಹಾಗೆ ಆಗ್ತದೆ. ಗಾಡಿ ಬೆಳಿಗ್ಗೆ ಹೋಗ್ಬೇಕು, ಸಂಜೆ ವಾಪಸ್ ಬರ್ಬೇಕು, ಡ್ರೈವರ್ ಉಂಡು ಮಲಗ್ಬೇಕು." ಬೆರಳು ನಕ್ಷೆಯ ಮೇಲೆ ಸುತ್ತಿ ಬೊಲೋನ್ಯಾ ಎಂಬಲ್ಲಿ ನಿಂತಿತು. ಶೆಟ್ರು ಆ ಹೆಸರನ್ನು ಅದೇ ಮೊದಲು ಓದಿದ್ದು. "ಇಲ್ಲಿಂದ ನಾಲ್ಕೂ ಕಡೆಗೆ ಗೆರೆ ಉಂಟು. ಖಲಾಸ್." ನನ್ನ ಕೋಷ್ಟಕದಲ್ಲಿ ಆ ಊರಿಗೆ ಏಳನೆಯ ಸ್ಥಾನ.

ಎಂಥ ಊರು ಅದು! ಬೀದಿ ಬೀದಿಗೂ ಕಮಾನಿನ ಜಗಲಿ. ಬಿಸಿಲಿಗೆ ಹೆದರಿ ಫ್ಲ್ಯಾಟಿನಿಂದ ಕಾರಿಗೆ, ಕಾರಿನಿಂದ ಕಚೇರಿಗೆ ಜಿಗಿಯುವ ನಾವು ಅಲ್ಲಿ ನೆರಳಲ್ಲಿ ಗಂಟೆಗಟ್ಟಲೆ ನಡೆದೆವು. ಬೆಳಿಗ್ಗೆ ರೈಲು ಹತ್ತಿ ಫ್ಲಾರೆನ್ಸ್, ರವೆನ್ನಾ, ಫೆರಾರಾ ನೋಡಿ ಸಂಜೆ ಅದೇ ಕೋಣೆಗೆ, ಅದೇ ಮಂಚಕ್ಕೆ ಮರಳುತ್ತಿದ್ದೆವು. ಮೊದಲ ದಿನ ಟೊಮೇಟೊ ಮುಟ್ಟಿ ನೋಡಿದ್ದಕ್ಕೆ ಸುಮನಾಳನ್ನು ಗದರಿದ ತರಕಾರಿಯವನು ಐದನೆಯ ದಿನ ತಾನೇ ಆರಿಸಿ, ಮೇಲೊಂದು ಕಟ್ಟು ಸೊಪ್ಪನ್ನೂ ಪುಕ್ಕಟೆ ಇಟ್ಟ. "ಕೊತ್ತಂಬರಿ ಅಲ್ಲ ನಿಜ, ಆದ್ರೂ ಮನೆಯವರ ಥರ ಕೊಟ್ನಲ್ಲ!" ಎಂದು ಅವಳು ದಾರಿಯುದ್ದಕ್ಕೂ ಹಿಗ್ಗಿದಳು. ಊರು ಆರಿಸಿದ ಕೀರ್ತಿಯನ್ನು ನಾನೇ ಇಟ್ಟುಕೊಂಡೆ ಎಂದು ಬೇರೆ ಹೇಳಬೇಕಿಲ್ಲ.

ಕೊನೆಯ ದಿನ ವೆನಿಸ್. ಟಿಕೆಟ್ ಹಿಂದಿನ ಸಂಜೆಯೇ ಕೊಂಡಿದ್ದೆವು, ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೋದೆವು ಎಂದು ನಾನು. ಸುಮನಾಳ ಹೇಳಿಕೆಯೇ ಬೇರೆ. "ಇವತ್ತು ಎಲ್ಲೂ ಬೇಡ, ಈ ಊರಲ್ಲೇ ಇರೋಣ ಅಂದೆ. ನೀವು ಸರಿ ಅಂದ್ರಿ. ಚೌಕದ ಮೆಟ್ಟಿಲ ಮೇಲೆ ಕೂತು ಟೂರಿಸ್ಟ್ ಗೈಡ್ ಪುಸ್ತಕದಲ್ಲಿದ್ದ ವೆನಿಸ್ ಪಾಠ ಪೂರ್ತಿ ಓದಿ ಹೇಳಿದ್ರಿ. ನಾನು ದ್ರಾಕ್ಷಿ ತಿಂತಾ ಕೇಳ್ದೆ. ಚೆನ್ನಾಗೇ ಓದಿದ್ರಿ."

ಶೆಟ್ರು ಇಬ್ಬರ ಮಾತನ್ನೂ ಕೇಳಿದರು. ಆಮೇಲೆ ಹೇಳಿದರು. "ಟಿಕೆಟ್ ಕೈಯಲ್ಲಿದ್ದೂ ವೆನಿಸ್‌ಗೆ ಹೋಗದ ಹಾಗೆ ಮಾಡಿದ ಊರಾದ್ರೆ ನಂಗೆ ಅದೇ ಸಾಕು. ಅಲ್ಲ, ನೀವು ನಿಜವಾಗಿ ಹೋಗಿ ಅಷ್ಟು ಹೊಗಳಿದ್ದಾದ್ರೆ ವೆನಿಸೇ ಆಗ್ಲಿ. ನೋಡಿ ಹೇಳಿ ಸರ್. ನಾಡಿದ್ದು ಬುಕಿಂಗ್."

ಇಟಲಿಯ ಸಾದಾ ರೈಲುಗಳಿಗೆ ಟಿಕೆಟ್ ಕೊಂಡರೆ ಸಾಲದು. ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದ ಬಾಯಿಗೆ ತುರುಕಿ ದಿನಾಂಕದ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ದಂಡ. ಶೆಟ್ರು ಹೋದ ಮೇಲೆ ಪಾಸ್‌ಪೋರ್ಟ್ ಇಡುವ ಚೀಲವನ್ನು ಹಾಸಿಗೆಯ ಮೇಲೆ ಸುರಿದೆ. ಫ್ಲಾರೆನ್ಸ್, ರವೆನ್ನಾ, ಫೆರಾರಾ ಟಿಕೆಟ್‌ಗಳೆಲ್ಲ ಮುದ್ರೆ ಬಿದ್ದು ಮಾಸಿದ್ದವು. ವೆನಿಸ್ ದಿನ ಮುದ್ರೆ ಮರೆತು ಹತ್ತಿರಬಹುದಲ್ಲ ಎಂದು ನನ್ನ ಸಂಶಯಬುದ್ಧಿ ಕೊನೆಯ ಸಲ ತಲೆಯೆತ್ತಿತು. ಆದರೆ ಹಾಗೆ ಮರೆತಿದ್ದರೆ ಸುಮನಾ ಅದನ್ನು ಎತ್ತಿ ಆಡದೆ ಮೂರು ವರ್ಷ ಬದುಕುತ್ತಿದ್ದಳೇ? ಶೆಟ್ರಿಗೆ ಫೋನ್ ಮಾಡಿ "ಬೊಲೋನ್ಯಾ" ಎಂದೆ. ಪರಿಶೀಲಿಸಿ ದೃಢಪಡಿಸಿಕೊಂಡ ಸಂಗತಿ ಇಷ್ಟೇ: ಬೊಲೋನ್ಯಾದಿಂದ ವೆನಿಸ್‌ಗೆ ಟಿಕೆಟ್ ಎರಡು, ಮುದ್ರೆ ಎರಡರ ಮೇಲೂ ಇಲ್ಲ.