ಪೈಲ್ವಾನನ ಪಂಜರಪ್ರವೇಶ

ಎಲೈ ವಾಗ್ದೇವಿಯೇ, ವೀಣೆಯನ್ನು ಕೊಂಚ ಪಕ್ಕಕ್ಕಿಟ್ಟು ನನ್ನ ನಾಲಗೆಯ ಮೇಲೆ ಬಂದು ಕೂರು. ನಾಯಿಯ ಕಥೆಯೆಂದು ಮೂಗು ಮುರಿಯಬೇಡ. ಪುಷ್ಪಕಗಳು ಪುರಾಣದಿಂದ ಇಳಿದು, ಟಿಕೆಟ್ ಇದ್ದವರನ್ನೆಲ್ಲ ಹೊತ್ತು ಹಾರತೊಡಗಿದ ಈ ಕಲಿಯುಗದಲ್ಲಿ, ಶ್ರಾವಣದ ಎರಡನೆಯ ಬುಧವಾರ, ಹುಬ್ಬಳ್ಳಿಯ ವಿಮಾನ ನಿಲ್ದಾಣದ ಸರಕು ಕಟ್ಟೆಯಲ್ಲಿ ನಡೆದ ಘೋರಸಂಗ್ರಾಮವನ್ನು ನಾನೀಗ ಹೇಳಲು ಹೊರಟಿದ್ದೇನೆ.

ಈ ಸಂಗ್ರಾಮದ ನಾಯಕ ನಿಂಗನಗೌಡ. ವೃತ್ತಿಯಿಂದ ಬ್ಯಾಂಕಿನ ಮ್ಯಾನೇಜರ್, ಹವ್ಯಾಸದಿಂದ ದೊಡ್ಡಾಟದ ರಾಕ್ಷಸವೇಷಧಾರಿ, ಗರ್ಜನೆಯಿಂದ ಗ್ಯಾಸ್‌ಬತ್ತಿಗಳನ್ನೇ ನಡುಗಿಸಿದ ಧೀರ. ಭೋಪಾಲಕ್ಕೆ ವರ್ಗವಾದ ದಿನ ಅವನು ಮೀಸೆ ತಿರುವಿ ಶಪಥ ಮಾಡಿದ್ದ: "ಪೈಲ್ವಾನ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ. ನೌಕರಿ ಹೋದ್ರ ಹೋಗ್ಲಿ!"

ಪೈಲ್ವಾನನೆಂದರೆ ಯಾರು? ಅಂಗೈಯಷ್ಟಿದ್ದಾಗ ಗೌಡನ ಅಂಗಿಯ ಕಿಸೆಯಲ್ಲಿ ಮನೆಗೆ ಬಂದು, ಈಗ ಐವತ್ತೆರಡು ಕಿಲೋ ತೂಗುವ ಗ್ರೇಟ್ ಡೇನ್ ಜಾತಿಯ ನಾಯಿ. ಚಪ್ಪಲಿಕುಲಾಂತಕ, ಸಿಲಿಂಡರ್‌ವಾಹಕಹೃದಯಕಂಪನ, ಸೋಫಾಸಿಂಹಾಸನಾಧೀಶ್ವರ! ಇಂಥವನೂ ಹೆದರುವುದು ಒಬ್ಬರಿಗೇ, ಗೌಡನ ತಾಯಿ ನೀಲವ್ವನಿಗೆ. ಮರಿಯಾಗಿದ್ದಾಗ ಒಮ್ಮೆ ಗಣಪತಿಯ ಮುಂದಿಟ್ಟ ಕಡುಬನ್ನು ಗುಳುಂ ಮಾಡಿ, ಆಕೆಯ ಸೌಟಿನ ರುಚಿಯನ್ನೂ ನೋಡಿದ್ದ. ಅಂದಿನಿಂದ ಹೂವು ಕುಂಕುಮ ಇಟ್ಟ ಯಾವುದರ ಹತ್ತಿರವೂ ಅವನು ಸುಳಿಯುತ್ತಿರಲಿಲ್ಲ. ಆರತಿಯಾದರೆ ಹೊಸ್ತಿಲಾಚೆ ಮುಂಗಾಲ ಮೇಲೆ ಗದ್ದವಿಟ್ಟು ಮಲಗುತ್ತಿದ್ದ. ನಾಯಿಗೆ ಎಂಥ ಸಂಸ್ಕಾರ ಎಂದು ಓಣಿಯೆಲ್ಲ ಹೊಗಳುತ್ತಿತ್ತು.

ವಿಮಾನದ ಹೊಟ್ಟೆಯಲ್ಲಿ ಒಯ್ಯಲು ತಂದ ಪಂಜರದಲ್ಲಿ ಪೈಲ್ವಾನ ಎರಡು ತಿಂಗಳು ಅಭ್ಯಾಸ ಮಾಡಿದ್ದ. ಮಧ್ಯಾಹ್ನದ ನಿದ್ದೆಯೂ ಅದರೊಳಗೇ ಆಗುತ್ತಿತ್ತು. ಆದರೆ ಹೊರಡುವ ದಿನ ನೀಲವ್ವನ ಜೀವ ತಡೆಯಲಿಲ್ಲ. "ಆಕಾಶದಾಗ ಹೋಗೂದೈತಿ. ಹಂಗ ಕಳಿಸಬಾರದಪಾ" ಎಂದು, ಹೊಸ ಟ್ರ್ಯಾಕ್ಟರಿಗೆ ಮಾಡಿದಂತೆ ಪಂಜರಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ ಟೆಂಪೋ ಹತ್ತಿಸಿದಳು. ಪೈಲ್ವಾನ ಮನೆಯವರೆಲ್ಲರ ಜೊತೆ ಹಿಂದಿನಿಂದ ಕಾರಿನಲ್ಲಿ ಬಂದ.

ಸರಕು ಕಟ್ಟೆಯ ಅಧಿಕಾರಿಣಿ ಗಡಿಯಾರ ತೋರಿಸಿದಳು. "ಹನ್ನೆರಡಕ್ಕ ಬಂದ್ ಮಾಡ್ತೀವ್ರಿ ಸರ್. ಅಷ್ಟರಾಗ ನಾಯಿ ಒಳಗ ಇರಬೇಕು. ಇಲ್ಲಂದ್ರ ವಿಮಾನ ಬಿಟ್ಟು ಹೋಗತೈತಿ."

ಆಗ ಹನ್ನೊಂದೂವರೆ. ಗೌಡ ನಕ್ಕು, ಪಂಜರದ ಬಾಗಿಲು ತೆರೆದು, ದೊಡ್ಡಾಟದ ಧಾಟಿಯಲ್ಲೇ ಗುಡುಗಿದ: "ಎಲೈ ಶ್ವಾನಕುಲತಿಲಕನೇ! ಮೂರು ಲೋಕವೂ ಮೆಚ್ಚುವಂತೆ ಈ ಲೋಹದುರ್ಗವನ್ನು ಪ್ರವೇಶಿಸುವಂಥವನಾಗು!" ಸಭೆ ಬೆರಗಾಯಿತು. ಪೈಲ್ವಾನ ಪಂಜರವನ್ನೊಮ್ಮೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಎರಡನೆಯ ದಾಳಿ ಗೌಡನ ಹೆಂಡತಿ ಗಿರಿಜೆಯದು. ಆಕೆ ಶೇಂಗಾ ಹೋಳಿಗೆಯೆಂಬ ಅಮೋಘಾಸ್ತ್ರವನ್ನು ತೆಗೆದು ಪಂಜರದೊಳಗಿಟ್ಟಳು. ಪೈಲ್ವಾನನ ಜೊಲ್ಲು ನೆಲ ಮುಟ್ಟಿತು, ಕಾಲು ಮಾತ್ರ ಕದಲಲಿಲ್ಲ. ಮೂರನೆಯದಾಗಿ ಇಬ್ಬರು ಹಮಾಲರು ಹಿಂದಿನಿಂದ ನೂಕಿದರು. ಅವನು ಕೂತುಬಿಟ್ಟ. ಐವತ್ತೆರಡು ಕಿಲೋ ಕೂತಿತೆಂದರೆ ಕೂತಿತು.

ಹನ್ನೊಂದೂ ಐವತ್ತು. ಗೌಡ ಹೆಂಡತಿಯತ್ತ ತಿರುಗಿದ. "ನನ್ನ ಕಿಸೇದಾಗ ಬಂದಾಂವ ಇವ, ಗಿರಿಜಾ. ಹೆಂಗ ಬಿಟ್ಟು ಹೋಗ್ಲಿ?" ಎಂದವನೇ, ಮಹಾಸಾಹಸಕ್ಕೆ ಸೊಂಟ ಕಟ್ಟಿ, ದಾರಿ ತೋರಿಸಲು ತಾನೇ ಅಂಬೆಗಾಲಿಕ್ಕಿ ಪಂಜರ ಹೊಕ್ಕ! ಹೊಕ್ಕು, ಮೊಣಕಾಲು ಮಡಚಿ, ಹೋಳಿಗೆಯನ್ನು ಮುಂದಿಟ್ಟುಕೊಂಡು, ಚೆಂಡುಹೂವಿನ ಕೆಳಗೆ ಬೆವರುತ್ತ ಕುಳಿತ.

ಪೈಲ್ವಾನ ಪಂಜರದ ಎದುರು ಬಂದ. ಮುಂಗಾಲು ಚಾಚಿ, ಅದರ ಮೇಲೆ ಗದ್ದವಿಟ್ಟು, ಭಕ್ತಿಯಿಂದ ಮಲಗಿದ.

"ಗೌಡ್ರು ಗುಡಿಯಾಗ ಕುಂತಂಗ ಕಾಣ್ತಾರಲ್ರೀ!" ಎಂದ ಒಬ್ಬ ಹಮಾಲ. ಎಲ್ಲರೂ ಗೊಳ್ಳೆಂದು ನಕ್ಕರು.

ನೀಲವ್ವ ನಗಲಿಲ್ಲ. ಆಕೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕಂದಾ! ಇದು ದೇವ್ರ ಮನಿ, ಅದು ನೈವೇದ್ಯ ಅಂತ ತಿಳದೈತಲ್ರೋ! ತಪ್ಪು ನಂದ. ಏ ನಿಂಗಾ, ಹೊರಗ ಬಾರೋ ಮದಲ!"

ಗೌಡ ಹಿಂದುಮುಂದಾಗಿ ಹೊರಬಿದ್ದ. ನೀಲವ್ವ ಮಾಲೆ ಕಿತ್ತಳು. ಸೆರಗಿನಿಂದ ವಿಭೂತಿ ಕುಂಕುಮ ಒರೆಸಿದಳು. ಮೋಡದ ಮೇಲೆ ಹೋಗುವ ಜೀವಕ್ಕೆ ಆಕೆ ಕೊಡಬಹುದಾಗಿದ್ದ ಕಾವಲು ಅದೊಂದೇ.

ಪೈಲ್ವಾನ ಎದ್ದ. ಮೈ ಕೊಡವಿದ. ತನ್ನ ಮಂಚಕ್ಕೆ ತಾನು ಹೋಗುವಂತೆ ಸೀದಾ ಒಳಗೆ ಹೋಗಿ, ಹೋಳಿಗೆ ನುಂಗಿ, ಎರಡು ಸುತ್ತು ತಿರುಗಿ ಮಲಗಿದ. ಹನ್ನೆರಡಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.

ಬಾಗಿಲು ಹಾಕಿದ ಮೇಲೆ ನೀಲವ್ವ ಸರಳಿನ ಸಂದಿಯಿಂದ ಬೆರಳು ತೂರಿಸಿ, ಅದಕ್ಕಂಟಿದ್ದ ಕುಂಕುಮವನ್ನು ಅವನ ಹಣೆಯ ನಡುವೆ ಒತ್ತಿದಳು. "ಹಣಿ ಮ್ಯಾಲಿಂದು ಅವಂಗ ಕಾಣಂಗಿಲ್ಲ" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು.

ವಿಜಯೋನ್ಮತ್ತನಾದ ನಿಂಗನಗೌಡ ಎದೆಯುಬ್ಬಿಸಿ, ಒಂದು ಜಯಘೋಷವನ್ನು ಕೇಳಲು ಕಾದು ನಿಂತ. ಅಧಿಕಾರಿಣಿ ಪಂಜರಕ್ಕೆ ಚೀಟಿ ಅಂಟಿಸಿದಳು. ಅದರ ಮೇಲೆ ಬರೆದಿದ್ದು ಇಷ್ಟೇ: ನಾಯಿ, ಒಂದು.

"ಸರ್, ಸ್ವಲ್ಪ ಸರೀರಿ" ಎಂದಳು. ಹಿಂದೆ ಹಸಿಮೆಣಸಿನಕಾಯಿ ಚೀಲಗಳು ಕಾಯುತ್ತಿದ್ದವು.