ನೋಟು ತರಿಸುವ ಭಾವ

ನಮ್ಮ ಭಾವ ಮನಸ್ಸು ಮಾಡಿದರೆ ಇಡೀ ಬ್ರಿಟನ್ನಿನಲ್ಲಿ ಯಾರ ಹತ್ತಿರವೂ ಚಿಲ್ಲರೆ ಇಲ್ಲದಂತೆ ಮಾಡಿಬಿಡಬಲ್ಲರು! ಹೀಗೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ. "ಚಿಲ್ಲರೆ ನಮ್ಮ ವಿಭಾಗ ಅಲ್ಲ. ನಮ್ಮದು ನೋಟು ಮಾತ್ರ" ಎಂದು ತಿದ್ದುತ್ತಾರೆ.

ಅವರು, ಅಂದರೆ ನನ್ನ ಅಕ್ಕನ ಗಂಡ, ಇಲ್ಲಿನ ಕೇಂದ್ರ ಬ್ಯಾಂಕಿನಲ್ಲಿದ್ದಾರೆ. ಮುಂದಿನ ವರ್ಷ ದೇಶಕ್ಕೆ ಯಾವ ನೋಟು ಎಷ್ಟು ಬೇಕಾದೀತು ಎಂದು ಅಂದಾಜು ಮಾಡಿ, ಅಚ್ಚು ಹಾಕುವವರಿಗೆ ಆರ್ಡರ್ ಕೊಡುವುದು ಅವರ ಕೆಲಸ. ನಮ್ಮ ಕುಂದಾಪುರದ ಕಡೆಯ ಜನ ಸಿಕ್ಕಲ್ಲೆಲ್ಲ ಕೇಳುವುದು ಒಂದೇ: "ಮುಯ್ಯಿ ಮಾಡಲಿಕ್ಕೆ ನಾಲ್ಕು ಹೊಸ ನೋಟು ಸಿಗಬಹುದಾ?" ಭಾವ ನಿಟ್ಟುಸಿರು ಬಿಟ್ಟು, "ನನಗೂ ನೋಟು ಸಿಗೋದು ಎಟಿಎಮ್ಮಿನಲ್ಲೇ" ಎನ್ನುತ್ತಾರೆ. ಯಾರೂ ನಂಬುವುದಿಲ್ಲ.

ಇಂಥವರಿಗೆ ನನ್ನ ಮಗಳ ನಾಮಕರಣದ ಇಡ್ಲಿಯ ಜವಾಬ್ದಾರಿ ಕೊಟ್ಟೆ. ಬುದ್ಧಿ ಬೇಡವೇ ನನಗೆ? ಕ್ವೀನ್ಸ್‌ಬರಿಯ ಅಡುಗೆಯವರಿಗೆ ಫೋನ್ ಮಾಡಿ, ದಾರಿಯಲ್ಲಿ ಎಷ್ಟು ಇಡ್ಲಿ ಹಾಳಾಗಬಹುದು, ಸಾಂಬಾರು ರುಚಿಯಾದರೆ ಬೇಡಿಕೆ ಎಷ್ಟು ಏರೀತು ಎಂದೆಲ್ಲ ವಿಚಾರಿಸಿದರು. "ಕೊರತೆ ಅನ್ನೋ ಸುದ್ದಿ ಹಬ್ಬಬಾರದು. ಹಬ್ಬಿದರೆ ಜನ ಬೇಕಾದ್ದಕ್ಕಿಂತ ಜಾಸ್ತಿ ಎತ್ತಿಟ್ಟುಕೊಳ್ತಾರೆ" ಎಂದು ನನಗೆ ಪಾಠ ಬೇರೆ. ಆಮೇಲೆ ಹೇಸ್‌ನ ನಮ್ಮ ಮನೆಯಲ್ಲಿ ವಾರವಿಡೀ ಇಡ್ಲಿ ಉಪ್ಪಿಟ್ಟು.

"ಭಾವ, ಇದೇನು ಲೆಕ್ಕ?"

"ಯಾರಾದರೂ ಇಡ್ಲಿ ಸಿಗಲಿಲ್ಲ ಅಂದರಾ?"

"ಇಲ್ಲ."

"ಹಾಗಾದರೆ ಲೆಕ್ಕ ಸರಿ ಇತ್ತು."

ಕಳೆದ ಬೇಸಿಗೆಯಲ್ಲಿ ಅಮ್ಮ ಊರಿಂದ ಬಂದು ಅಕ್ಕನ ಮನೆಯಲ್ಲಿದ್ದರು. ಅವರ ಸ್ವೆಟರಿನ ಜೇಬಿನಲ್ಲಿದ್ದ ಹತ್ತು ಪೌಂಡಿನ ಪ್ಲಾಸ್ಟಿಕ್ ನೋಟು ವಾಷಿಂಗ್ ಮಷೀನಿಗೆ ಹೋಯಿತು. ಅಮ್ಮ ಅದನ್ನು ಹಿತ್ತಿಲ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದರು. ಆಫೀಸಿನಿಂದ ಬಂದ ಭಾವ ಕೋಟೂ ಬಿಚ್ಚದೆ ಅದರೆದುರು ನಿಂತು, ತಿರುಗಿಸಿ ಮುರುಗಿಸಿ ನೋಡಿದರು. "ಬಣ್ಣ ಒಂಚೂರೂ ಹೋಗಲಿಲ್ಲ ಅತ್ತೆ" ಎಂದರು, ತಾವೇ ನೇಯ್ದವರ ಹಾಗೆ.

"ನಿಮ್ ಅಂಗಿಗಿಂತ ಗಟ್ಟಿ ಇತ್ತ್" ಎಂದರು ಅಮ್ಮ.

ಊರಿಗೆ ಹೊರಡುವ ಮೊದಲು ಅಮ್ಮ, ಅಳಿಯನಿಗೆ ಹೊರಗೆ ಚಾ ಕುಡಿಸಬೇಕೆಂದರು. ತಮ್ಮ ಪೆನ್ಶನ್ನಿನಲ್ಲಿ ಉಳಿಸಿ, ಪೌಂಡು ಮಾಡಿಸಿ ತಂದಿದ್ದರು. ಸ್ಟೇಷನ್ ಹತ್ತಿರದ ಕೆಫೆಗೆ ಮೂವರೂ ಹೋದೆವು. ಅಮ್ಮ ನೋಟು ಚಾಚಿದರು. "ಸಾರಿ, ಕಾರ್ಡ್ ಮಾತ್ರ" ಎಂದಳು ಕೌಂಟರಿನ ಹುಡುಗಿ. ಅಮ್ಮನಿಗೆ ಅರ್ಥವಾಗಲಿಲ್ಲ. ನೋಟು ಹರಿದಿದೆಯೇನೋ ಎಂದು ತಿರುಗಿಸಿ ಮತ್ತೆ ಚಾಚಿದರು.

ತಾವೇ ಹಣ ಕೊಡಲು ಭಾವ ಜೇಬಿನಿಂದ ಫೋನ್ ತೆಗೆದವರು ಅಮ್ಮನ ಮುಖ ನೋಡಿ ಒಳಗಿಟ್ಟರು. "ಇಲ್ಲಿ ಚಾ ಚೆನ್ನಾಗಿರಲ್ಲ ಅತ್ತೆ, ಬನ್ನಿ" ಎಂದರು.

ಪಕ್ಕದ ಅಂಗಡಿಯಲ್ಲೂ ಕಾರ್ಡೇ. ಅದರಾಚೆಯದರಲ್ಲೂ. ಗಾಳಿ ಬೀಸುತ್ತಿತ್ತು. ಭಾವ ಮುಂದೆ ಓಡಿ ಪ್ರತಿ ಬಾಗಿಲಲ್ಲೂ ಇಣುಕಿ ಕೇಳಿ ಬರುತ್ತಿದ್ದರು. ಕೊನೆಗೆ ರಸ್ತೆಯ ತುದಿಯಲ್ಲಿ ಒಬ್ಬ ಮುದುಕನ ಅಂಗಡಿ ಸಿಕ್ಕಿತು. ಅಮ್ಮ ನೋಟು ಕೊಟ್ಟರು. ಅವನು ತೆಗೆದುಕೊಂಡ.

"ಇನ್ನೊಂದ್ ಬನ್ ತಕಣಿ. ಅಳಿಯಂದ್ರಿಗೆ ನಾನೂ ಒಂದ್ ದಿನ ಚಾ ಕುಡ್ಸಿದೆ ಅಂದ್ಹೇಳಿ ಊರಂಗೆ ಹೇಳುಕ್ ಬೇಕಲ್ದಾ" ಎಂದರು ಅಮ್ಮ.

ಭಾವ ಕಿಟಕಿಯ ಕಡೆ ತಿರುಗಿದರು. ಕಣ್ಣು ತೇವವಾಗಿತ್ತು. ನಾನು ನ್ಯಾಪ್‌ಕಿನ್ ಸರಿಸಿದೆ.

"ಚಾ ಬಿಸಿ ಇದೆ" ಎಂದರು ಭಾವ. ಅದು ಆರಿ ಆಗಲೇ ಎಷ್ಟೋ ಹೊತ್ತಾಗಿತ್ತು.