ತಿರುಮೂರ್ತಿಯ ಪಂಪು ದಿಗ್ವಿಜಯ

ತಿರುಮೂರ್ತಿಯ ಸಂಶೋಧನೆಗಳಿಗೆ ಇಡೀ ಕೊಯಮತ್ತೂರಿನಲ್ಲಿದ್ದ ಏಕೈಕ ಶತ್ರು ಒಂದು ವಾಕ್ಯ: "ಏನ್ರೀ, ಟ್ಯಾಂಕ್ ತುಂಬ್ತು, ಮೋಟಾರ್ ಆಫ್ ಮಾಡಿ!"

ಹೆಂಡತಿ ತುಳಸಿಮಣಿ ಅಡುಗೆಮನೆಯಿಂದ ಹೀಗೆ ಕೂಗಿದಾಗಲೆಲ್ಲ ಅವನು ಪಕ್ಕದ ಶೆಡ್ಡಿನಲ್ಲಿ, ಪಂಪುಗಳಿಗೆ ಕಂಟ್ರೋಲ್ ಪೆಟ್ಟಿಗೆ ಜೋಡಿಸುವ ತನ್ನ ಸಾಮ್ರಾಜ್ಯದಲ್ಲಿ, ಸಮಾಧಿಸ್ಥನಾಗಿರುತ್ತಿದ್ದ. ಎದ್ದು ಬರುವಷ್ಟರಲ್ಲಿ ಮಹಡಿಯ ನೀರು ಬೀದಿಗಿಳಿದಿರುತ್ತಿತ್ತು.

"ತಮ್ಮ ಕಿವಿಗಳನ್ನು ಶೆಡ್ಡಿನಲ್ಲೇ ಬಿಚ್ಚಿಟ್ಟು ಬಂದ್ರಾ?" ಎನ್ನುತ್ತಿದ್ದಳು ಅವಳು. (ಆ ಊರಲ್ಲಿ ಬೈಗುಳವನ್ನೂ ಬಹುವಚನದ ತಟ್ಟೆಯಲ್ಲಿಟ್ಟೇ ಬಡಿಸುತ್ತಾರೆ.)

ಆದ್ದರಿಂದ ತಿರುಮೂರ್ತಿ ಬೆಂಕಿಪೊಟ್ಟಣದಷ್ಟು ದೊಡ್ಡ ಈಥರ್‌ನೆಟ್ ಮಾಡ್ಯೂಲೊಂದಕ್ಕೆ ಪ್ರೋಗ್ರಾಮ್ ಬರೆದು ಪಂಪಿಗೆ ಕಟ್ಟಿದ. ಫೋನ್ ಒತ್ತಿದರೆ ಆಜ್ಞೆ ತಂತಿಯಲ್ಲಿ ಓಡಿ ಮಾಡ್ಯೂಲಿಗೆ ಮುಟ್ಟಬೇಕು, ಪಂಪು ಏಳಬೇಕು. ಉತ್ಸಾಹ ಮಿಕ್ಕಿತ್ತು, ಇನ್ನೊಂದನ್ನು ಅಡುಗೆಮನೆಯ ಗ್ರೈಂಡರಿಗೂ ಬಿಗಿದ.

ಪಂಪಿನ ಈ ಏರ್ಪಾಟನ್ನು ನೋಡಲೆಂದೇ ನೂಲಿನ ಗಿರಣಿಯ ಮಾಲೀಕ ಸೆನ್ನಿಯಪ್ಪನ್ ಬಂದರು. ಮೆಚ್ಚಿದರೆ ಗಿರಣಿಯ ಪಂಪುಗಳೆಲ್ಲ ತಿರುಮೂರ್ತಿಯ ಪಾಲು. ತುಳಸಿಮಣಿ ಗ್ರೈಂಡರಿಗೆ ಉದ್ದು, ನೀರು ಸುರಿದಿಟ್ಟು, ಅತಿಥಿಯ ಕಾಫಿಗೆ ಹಾಲು ತರಲು ಅಂಗಡಿಗೆ ಹೋದಳು. ಗಂಡಸರಿಬ್ಬರೂ ಮಹಡಿ ಹತ್ತಿ ಖಾಲಿ ಟ್ಯಾಂಕಿನ ಮುಂದೆ ನಿಂತರು.

ತಿರುಮೂರ್ತಿ ಬ್ರಹ್ಮಾಸ್ತ್ರ ಬಿಡುವವನಂತೆ ಫೋನ್ ಎತ್ತಿ ಒತ್ತಿದ. ನೀರು ಬರಲಿಲ್ಲ.

"ಏನಪ್ಪಾ ತಿರುಮೂರ್ತಿ, ನೀರು ಪಾಲಕ್ಕಾಡ್ ಸುತ್ತಿಕೊಂಡು ಬರ್ತದೋ?" ಎಂದರು ಸೆನ್ನಿಯಪ್ಪನ್.

"ಆಜ್ಞೆ ಹೋಗಿದೆ ಅಣ್ಣಾ. ನೀರು ಹತ್ತಿ ಬರಬೇಕಲ್ಲ!" ಎಂದ ತಿರುಮೂರ್ತಿ. ಕಾಯುವಾಗ ನೀರಿನ ಒತ್ತಡ, ಪೈಪಿನ ಸುತ್ತಳತೆ, ಮನುಷ್ಯನ ಕೈ ಸೋಕದ ಭವಿಷ್ಯ, ಎಲ್ಲದರ ಮೇಲೂ ಭಾಷಣ ಬಿಗಿದ. ಸೆನ್ನಿಯಪ್ಪನ್ ಟ್ಯಾಂಕಿನ ನೆರಳಿನಲ್ಲಿ ಕೂತು ಆಕಳಿಸಿದರು.

ಆಗ ಕೆಳಗಿನಿಂದ ತುಳಸಿಮಣಿ ಚೀರಿದಳು: "ಅಯ್ಯೋ, ಉದ್ದು!"

ಓಡಿ ಇಳಿದರು. ಗ್ರೈಂಡರು ಗರಗರ ತಿರುಗುತ್ತಿತ್ತು. ಬೆಳ್ಳನೆಯ ನೊರೆ ಉಕ್ಕಿ ಕಟ್ಟೆಯೇರಿ, ನೆಲಕ್ಕಿಳಿದು, ಹೊಸ್ತಿಲಿಗೆ ದಾಳಿಯಿಡಲು ಸಜ್ಜಾಗಿತ್ತು. ತಿರುಮೂರ್ತಿಗೆ ಮಿಂಚಿನಂತೆ ಹೊಳೆಯಿತು. ಪ್ರತಿ ಮಾಡ್ಯೂಲಿಗೂ ಮನೆ ನಂಬರಿನ ಹಾಗೆ ಬೇರೆ ಬೇರೆ ವಿಳಾಸ ಕೊಡಬೇಕು. ಅವನೋ ಪಂಪಿನ ಪ್ರೋಗ್ರಾಮನ್ನು ವಿಳಾಸದ ಸಮೇತ ಗ್ರೈಂಡರಿಗೆ ನಕಲು ಹೊಡೆದಿದ್ದ! ಗುಟ್ಟಾಗಿ ಫೋನಿನಲ್ಲಿ 'ಆಫ್' ಒತ್ತಿದ. ಒಂದೇ ವಿಳಾಸದಲ್ಲಿ ಇಬ್ಬರಿದ್ದರೆ ಕರೆಗೆ ಯಾರು ಓಗೊಡುತ್ತಾರೋ! ಈ ಸಲ ಮೊದಲೇ ಮಲಗಿದ್ದ ಪಂಪು ಓಗೊಟ್ಟಿತು. ಗ್ರೈಂಡರು ತಿರುಗುತ್ತಲೇ ಇತ್ತು. ಕೊನೆಗೆ ತುಳಸಿಮಣಿಯೇ ಪ್ಲಗ್ಗು ಕಿತ್ತಳು.

ತಿರುಮೂರ್ತಿ ಬಹುವಚನದ ಬೈಗುಳಕ್ಕೆ ತಲೆಬಾಗಿ ನಿಂತ. ಆದರೆ ಅವಳು ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮುಖವರಳಿಸಿ ಹೇಳಿದಳು: "ನನಗೆ ಹೇಳದೆ ಉದ್ದು ರುಬ್ಬಿ ಕೊಟ್ರಾ? ಮದುವೆಯಾದಾಗಿನಿಂದ ಇದೇ ಮೊದಲು ನೋಡಿ!"

ಸತ್ಯ ನುಡಿಯಲು ಅದು ಸುಸಮಯವಾಗಿತ್ತು. ತಿರುಮೂರ್ತಿ ಎದೆಯುಬ್ಬಿಸಿ ನುಡಿದ: "ಮತ್ತೇನು! ಪಂಪು ಯಾರು ಬೇಕಾದ್ರೂ ಓಡಿಸ್ತಾರೆ. ಅಣ್ಣನಿಗೆ ತೋರಿಸಬೇಕು ಅಂದ್ಕೊಂಡಿದ್ದೇ ಇದು."

ಸೆನ್ನಿಯಪ್ಪನ್ ಕೂಡ ಹಿಟ್ಟು ಮುಟ್ಟಿ ನೋಡಿದರು. "ಬೆಣ್ಣೆ ಕಣಯ್ಯಾ! ಪಂಪು ಬಿಡು. ನಮ್ಮ ಗಿರಣಿ ಹಾಸ್ಟೆಲ್ಲಿನ ಗ್ರೈಂಡರುಗಳಿಗೆಲ್ಲ ಇದನ್ನೇ ಹಾಕಿಸ್ತೀನಿ. ಆದ್ರೆ ದಿನಾ ಬೆಳಿಗ್ಗೆ ಒಂದು ಪಾತ್ರೆ ಹಿಟ್ಟು ಕಳಿಸು. ಹದ ಒಂದೇ ಥರ ಬರ್ತದಾ ನೋಡಿ ಆರ್ಡರ್ ಕೊಡ್ತೀನಿ."

"ಕಳಿಸ್ತಾರೆ ಅಣ್ಣಾ, ಅವರೇ ರುಬ್ತಾರೆ," ಎಂದಳು ತುಳಸಿಮಣಿ. ಅವಳ ದನಿಯಲ್ಲಿ ಹಿಂದೆಂದೂ ಕೇಳಿರದ ಪ್ರೀತಿಯಿತ್ತು.

ವಿಳಾಸವನ್ನು ಅವನು ಅಂದೇ ಸರಿಪಡಿಸಿದ. ಆದರೆ ಉದ್ದು ತೊಳೆಯಲು, ನೀರು ಚಿಮುಕಿಸಲು, ಅಂಚಿಗಂಟಿದ ಹಿಟ್ಟು ತಳ್ಳಲು ಮಾಡ್ಯೂಲಿಗೆ ಕೈಗಳಿರಲಿಲ್ಲ. ತಿರುಮೂರ್ತಿಗೆ ಇದ್ದವು.

ಈಗ ಬೆಳಗಾದರೆ ತುಳಸಿಮಣಿ ಜಗಲಿಯಲ್ಲಿ ಕಾಫಿ ಹೀರುತ್ತಾಳೆ. ಮಹಡಿಯಿಂದ ನೀರು ಬೀದಿಗಿಳಿಯುತ್ತದೆ. ಮೊಳಕೈವರೆಗೆ ಹಿಟ್ಟಾದವನು ಫೋನ್ ಮುಟ್ಟುವುದು ಹೇಗೆ? ಅಡುಗೆಮನೆಯಿಂದ ಸಂಶೋಧಕನ ಆರ್ತನಾದ ಕೇಳುತ್ತದೆ: "ತುಳಸೀ, ಟ್ಯಾಂಕ್ ತುಂಬ್ತು, ಮೋಟಾರ್ ಆಫ್ ಮಾಡೇ!"